ಹಿಮನದಿಯಿಂದ ಅರ್ಧಕ್ಕೇ ಇಳಿದ ಮಗಳಿಗೆ

ಹನುಮಂತನಗರ, ಬೆಂಗಳೂರು

ಪ್ರೀತಿಯ ಪುಟ್ಟಿ,

ಬೆಳಗ್ಗೆ ಫೋನಿನಲ್ಲಿ ನೀನು ಅಳ್ತಾ ಇದ್ದಾಗ ನಾನು ಜಾಸ್ತಿ ಮಾತಾಡಲಿಲ್ಲ. ಆ ಹೊತ್ತಿನಲ್ಲಿ ಏನು ಹೇಳಿದ್ದರೂ ನಿನ್ನ ಕಿವಿಗೆ ಬೀಳುತ್ತಿರಲಿಲ್ಲ. ಈಗ ಅಲ್ಲಿ ಮಧ್ಯರಾತ್ರಿ ದಾಟಿದೆ, ಮಲಗಿರುತ್ತೀಯ. ಎದ್ದ ಮೇಲೆ ಕಾಫಿ ಕುಡಿಯುತ್ತಾ ನಿಧಾನಕ್ಕೆ ಓದು. ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಕಳಿಸೋಕೆ ಮನಸ್ಸಾಗಲಿಲ್ಲ.

ನಿನಗೆ ಬೇಜಾರಾಗಿದ್ದು ಸರಿಯೇ. ಈ ಒಂದು ಚಾರಣಕ್ಕೆ ಅಂತಲೇ ಎಷ್ಟು ದುಡ್ಡು ಕೂಡಿಟ್ಟೆ, ಸಂಜೆ ಆಫೀಸಿಂದ ಬಂದು ರಾಮಾಂಜನೇಯ ಗುಡ್ಡದ ಮೆಟ್ಟಿಲು ಎಷ್ಟು ಸಲ ಹತ್ತಿ ಇಳಿದೆ, ಭಾನುವಾರ ನಿದ್ದೆ ಬಿಟ್ಟು ಸಾವನದುರ್ಗಕ್ಕೆ ಹೋದೆ, ಎಲ್ಲ ನೋಡಿದ್ದೀನಿ. ಅಷ್ಟು ದೂರ ಹೋಗಿ, ಹೆಲಿಕಾಪ್ಟರಿನಿಂದ ಇಳಿದು, ನ್ಯೂಜಿಲೆಂಡಿನ ಫ್ರಾನ್ಜ್ ಜೋಸೆಫ್ ಹಿಮನದಿಯ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ, ಮೋಡ ಬಂತು ಅಂತ ಗೈಡ್ ‘ಸಾಕು, ವಾಪಸ್ ಹೊರಡಿ’ ಅಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ಅತ್ತುಬಿಡು. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ‘ಆ ಗೈಡ್‌ಗೆ ಧೈರ್ಯ ಇಲ್ಲಮ್ಮ, ಸುಮ್ನೆ ಕರ್ಕೊಂಡು ಬಂದುಬಿಟ್ಟಳು’ ಅಂದೆಯಲ್ಲ, ಆ ಮಾತು ನನಗೆ ಬೆಳಗ್ಗೆಯಿಂದ ಚುಚ್ಚುತ್ತಾ ಇದೆ.

ನೀನು ಕಳಿಸಿದ ಫೋಟೊಗಳನ್ನು ಅಪ್ಪ ದೊಡ್ಡದು ಮಾಡಿ ತೋರಿಸಿದರು. ಮೊದಲನೆಯದರ ಟೈಮ್ 11:08. ಕೆಂಪು ಜಾಕೆಟ್ ಹಾಕಿಕೊಂಡು ಬಾಯಿ ತುಂಬಾ ನಗುತ್ತಾ ನಿಂತಿದ್ದೀಯ. ಬೂಟಿನ ಕೆಳಗೆ ಕಟ್ಟಿದ ಕ್ರ್ಯಾಂಪಾನಿನ ಮುಳ್ಳುಗಳ ಸಂದಿಯಲ್ಲಿ ಮಂಜುಗಡ್ಡೆಯ ಪುಡಿ ಸಿಕ್ಕಿಕೊಂಡಿದೆ. ನಿನ್ನ ಹಿಂದೆ ಆ ಗೈಡ್ ಹುಡುಗಿ ಬಗ್ಗಿಕೊಂಡು ನಿಮಗೆಲ್ಲ ಮೆಟ್ಟಿಲು ಕಡಿಯುತ್ತಿದ್ದಾಳೆ. ಅವಳ ಹಿಂದೆ ಕಪ್ಪು ಬೆಟ್ಟದ ಏಣು, ಅದರ ಮೇಲೆ ಮೂರು ಚೂಪು ತುದಿ. ಇನ್ನೊಂದು ಫೋಟೊ 11:21ರದ್ದು. ನೀಲಿ ಬಿರುಕಿನ ಅಂಚಿಗೆ ಕೈ ಇಟ್ಟುಕೊಂಡಿದ್ದೀಯ. ಹಿಂದೆ ಏಣು ಇಲ್ಲ. ಮೂರು ತುದಿಯೂ ಇಲ್ಲ. ಬರೀ ಬಿಳಿ. ಹದಿಮೂರು ನಿಮಿಷದಲ್ಲಿ ಇಡೀ ಬೆಟ್ಟವೇ ಕಾಣೆ. ಆ ಹುಡುಗಿ ಕಡಿಯೋದು ನಿಲ್ಲಿಸಿ, ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಸಮುದ್ರದ ಕಡೆಗೆ ನೋಡುತ್ತಿದ್ದಾಳೆ. ನೀನು ಕ್ಯಾಮೆರಾ ನೋಡುತ್ತಿದ್ದೆ. ನೀವೆಲ್ಲ ಕ್ಯಾಮೆರಾ ನೋಡಲಿ ಅಂತಲೇ ಅವಳು ಆ ಕಡೆ ನೋಡುತ್ತಿದ್ದಳು, ಅಲ್ವಾ?

ನಿಮ್ಮ ಮೈ ಒದ್ದೆ ಆಗುತ್ತೆ ಅಂತ ಅವಳು ಹೆದರಿದ್ದಲ್ಲ ಪುಟ್ಟಿ. ಹಿಮನದಿ ಕರಗಿ ಹಿಂದೆ ಸರಿದಿದ್ದರಿಂದ, ಕಣಿವೆಯಿಂದ ನಡೆದುಕೊಂಡೇ ಅದರ ಮೇಲೆ ಹತ್ತಿಸುವುದನ್ನು 2012ರಲ್ಲಿ ನಿಲ್ಲಿಸಿದರು. ಆಮೇಲೆ ಗೈಡ್ ಜೊತೆ ಹೋಗುವವರಿಗೆ ಹೆಲಿಕಾಪ್ಟರ್ ಒಂದೇ ದಾರಿ. ಹೋಗೋಕೂ ಅದೇ, ಬರೋಕೂ ಅದೇ. ಪೈಲಟ್‌ಗೆ ಕಣ್ಣಿಗೆ ಕಾಣದಿದ್ದರೆ ಇಳಿಸುವ ಹಾಗಿಲ್ಲ. ಮೋಡ ಕೂತುಬಿಟ್ಟರೆ ನೀವಿಷ್ಟೂ ಜನ ಮಂಜುಗಡ್ಡೆಯ ಮೇಲೆ, ಸುತ್ತ ಬಿರುಕು, ಮೇಲೆ ಮಳೆ. ನಡೆದು ಇಳಿದುಬಿಡೋಣ ಅನ್ನುವ ಹಾಗೂ ಇಲ್ಲ. ‘ಇನ್ನೂ ಅರ್ಧ ಗಂಟೆ ಇರಬಹುದಿತ್ತು’ ಅಂದೆ. ಇರಬಹುದಿತ್ತೇನೋ. ಆದರೆ ಅರ್ಧ ಗಂಟೆ ಆದಮೇಲೆ ಹೆಲಿಕಾಪ್ಟರ್ ಬರೋಕೆ ಆಗುತ್ತಾ ಅನ್ನೋದನ್ನ ಅವಳು ಆಗಲೇ, ಅಲ್ಲೇ ನಿಂತು ಲೆಕ್ಕ ಹಾಕಬೇಕಿತ್ತು.

ಇಷ್ಟು ವರ್ಷ ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವಳು ನಾನು, ಇದೊಂದು ವಿಷಯ ಹೇಳದೆ ಇರೋಕೆ ಆಗಲ್ಲ. ಅಜ್ಜಿ ಮನೆಗೆ ಹೋಗುವಾಗ ಆಗುಂಬೆಯಲ್ಲಿ ಬಸ್ಸಿನ ಕಿಟಕಿ ಮುಚ್ಚೋದರೊಳಗೆ ಮಡಿಲೆಲ್ಲ ಒದ್ದೆ ಆಗ್ತಿತ್ತಲ್ಲ? ಅರಬ್ಬೀ ಸಮುದ್ರದಿಂದ ಬಂದ ಗಾಳಿಗೆ ಘಟ್ಟ ಅಡ್ಡ ನಿಲ್ಲುತ್ತೆ, ಗಾಳಿ ಮೇಲೇರುತ್ತೆ, ತಣ್ಣಗಾಗುತ್ತೆ, ಹೊತ್ತು ತಂದ ನೀರನ್ನೆಲ್ಲ ಅಲ್ಲೇ ಸುರಿಯುತ್ತೆ. ಘಟ್ಟ ದಾಟಿ ಚಳ್ಳಕೆರೆ ಕಡೆ ಹೋದರೆ ಭೂಮಿ ಒಣ. ನೀನಿರುವ ಕರಾವಳಿಯಲ್ಲೂ ಇದೇ ಕೆಲಸ ನಡೆಯೋದು. ಅಲ್ಲಿ ಟಾಸ್ಮನ್ ಸಮುದ್ರ, ಪಶ್ಚಿಮದ ಗಾಳಿ, ಘಟ್ಟದ ಜಾಗದಲ್ಲಿ ಸದರ್ನ್ ಆಲ್ಪ್ಸ್. ಎತ್ತರ ಮಾತ್ರ ನಮ್ಮ ಘಟ್ಟದ ಲೆಕ್ಕಕ್ಕೆ ಸಿಗಲ್ಲ, ಮೌಂಟ್ ಕುಕ್ ಒಂದೇ 3,724 ಮೀಟರ್. ಆ ಎತ್ತರದಲ್ಲಿ ಸುರಿಯೋದು ಮಳೆಯಲ್ಲ, ಹಿಮ. ಹಿಮದ ಮೇಲೆ ಹಿಮ ಬಿದ್ದು, ಒತ್ತಿ ಒತ್ತಿ ಒಳಗಿನ ಗಾಳಿಯೆಲ್ಲ ಹೊರಗೆ ಹೋಗಿ, ನೀನು ಕೈ ಇಟ್ಟ ಆ ನೀಲಿ ಗಡ್ಡೆ ಆಗುತ್ತೆ. ಅಷ್ಟು ಹಿಮ ಬೀಳೋದರಿಂದಲೇ ಆ ಹಿಮನದಿ ಕರಗಿ ಮುಗಿಯೋ ಮುಂಚೆ ಹಸಿರು ಕಾಡಿನ ಹತ್ತಿರದವರೆಗೂ ಇಳಿದು ಬರುತ್ತೆ. ನಿನ್ನನ್ನು ಕೆಳಗಿಳಿಸಿದ ಆ ಮೋಡ ಇಲ್ಲದಿದ್ದರೆ ನೀನು ನೋಡೋಕೆ ಹೋದ ಹಿಮನದಿಯೇ ಅಲ್ಲಿರುತ್ತಿರಲಿಲ್ಲ.

ಅಲ್ಲಿಯ ಮಳೆ ಎಂಥದ್ದು ಗೊತ್ತಾ? 2019ರ ಮಾರ್ಚ್‌ನಲ್ಲಿ, ನೀನಿರುವ ಊರಿಗಿಂತ ಉತ್ತರಕ್ಕೆ ಹೊಕಿಟಿಕಾ ಹಿಂದಿನ ಬೆಟ್ಟಗಳಲ್ಲಿ, 48 ಗಂಟೆಯಲ್ಲಿ 1,086 ಮಿಲಿಮೀಟರ್ ಮಳೆ ಅಳೆದರು. ನಮ್ಮ ಬೆಂಗಳೂರಿಗೆ ಇಡೀ ವರ್ಷಕ್ಕೆ ಸರಾಸರಿ ಬೀಳೋದೇ ಸುಮಾರು ಸಾವಿರ ಮಿಲಿಮೀಟರ್. ಅದೇ ಮಳೆಯಲ್ಲಿ ನಿಮ್ಮ ಊರಿನ ಪಕ್ಕದ ವೈಹೊ ನದಿ ಹೈವೇ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ನೀನು ಕಾರಿನಲ್ಲಿ ದಾಟಿ ಬಂದಿದ್ದು ಆಮೇಲೆ ಕಟ್ಟಿದ ಸೇತುವೆ. ಅಂಥ ಜಾಗದಲ್ಲಿ ದಿನಾ ಕೆಲಸ ಮಾಡುವ ಹುಡುಗಿಗೆ ಮೋಡದ ಬಣ್ಣ ನೋಡಿದರೆ ಗೊತ್ತಾಗುತ್ತೆ.

‘ಮುಂದಿನ ಸಲ ಬರೋ ಹೊತ್ತಿಗೆ ಅದು ಇರುತ್ತೋ ಇಲ್ವೋ’ ಅಂದೆ. ಅದೊಂದಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ. ಜಗತ್ತಿನ ಬೇರೆ ಹಿಮನದಿಗಳು ಹೆಚ್ಚಿನವು ಕುಗ್ಗುತ್ತಿದ್ದಾಗ ಇದು 1983ರಿಂದ 2008ರವರೆಗೆ ನಡುನಡುವೆ ಮುಂದಕ್ಕೇ ಬಂದಿತ್ತು. ನಾನು ಕ್ಲಾಸಿನಲ್ಲಿ ಹಿಮನದಿ ಪಾಠ ಮಾಡುತ್ತಿದ್ದ ಕಾಲಕ್ಕೆ ಅದು ಬೆಳೆಯುತ್ತಿದ್ದ ನದಿ. ಆಮೇಲೆ ಜೋರಾಗಿ ಹಿಂದೆ ಸರಿಯಿತು. ನಿನ್ನ ಅವಸರ ನನಗೆ ಅರ್ಥವಾಗುತ್ತೆ. ಅದು ಇರುವಾಗಲೇ ನೀನು ನೋಡಬೇಕು ಅನ್ನೋದು ನನ್ನ ಆಸೆ ಕೂಡ.

ಅದಕ್ಕೇ ಹೇಳ್ತೀನಿ, ಇನ್ನೆರಡು ದಿನ ಅಲ್ಲೇ ಇರಬೇಕು ಅನಿಸಿದರೆ ಇರು. ರೂಮಿನ ದುಡ್ಡಿನ ಯೋಚನೆ ಬೇಡ, ಅಪ್ಪ ಕಳಿಸ್ತಾರೆ. ಟಿಕೆಟ್ ದುಡ್ಡು ಹೇಗೂ ವಾಪಸ್ ಕೊಡ್ತಾರೆ ಅಂದೆಯಲ್ಲ. ಆದರೆ ‘ಬೇರೆ ಯಾರಾದರೂ ಕರ್ಕೊಂಡು ಹೋಗ್ತಾರಾ ನೋಡ್ತೀನಿ, ಜಾಸ್ತಿ ದುಡ್ಡು ಕೊಟ್ಟರೂ ಪರವಾಗಿಲ್ಲ’ ಅನ್ನುವ ಮಾತು ಬೇಡ. ಒಬ್ಬಳು ಬೇಡ ಅಂದ ಹವೆಯಲ್ಲಿ ಹೂಂ ಅನ್ನುವವರನ್ನು ಹುಡುಕಿಕೊಂಡು ಹೋಗಬೇಡ. ಒಬ್ಬಳೇ ಕಣಿವೆಯೊಳಗೆ ತಡೆಗೆ ಕಟ್ಟಿದ ಹಗ್ಗ ದಾಟಿಯೂ ಹೋಗಬೇಡ.

2024ರ ಜೂನ್ ನಿನಗೆ ನೆನಪಿದೆ ಅಲ್ವಾ? ಉತ್ತರಾಖಂಡದ ಸಹಸ್ರ ತಾಲ್‌ಗೆ ಕರ್ನಾಟಕದಿಂದ ಹೋದ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ತೀರಿಕೊಂಡರು, ನಮ್ಮ ಬೆಂಗಳೂರಿನವರು. ಬೆಟ್ಟ ಹತ್ತಿ ಅನುಭವ ಇದ್ದವರು, ನನ್ನ ವಯಸ್ಸಿನವರೂ ಇದ್ದರು. ಅವರ ತಪ್ಪು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲೂಬಾರದು. ಆ ಸುದ್ದಿ ನೋಡುತ್ತಾ ಟಿವಿ ಮುಂದೆ ಕೂತಿದ್ದಾಗ ನೀನೇ ನನ್ನ ಕೈ ಹಿಡಿದುಕೊಂಡು, ‘ಹವೆ ಕೆಟ್ಟರೆ ನಾನು ವಾಪಸ್ ಬರ್ತೀನಮ್ಮ’ ಅಂದಿದ್ದೆ. ನಿನ್ನನ್ನು ಒಬ್ಬಳೇ ನ್ಯೂಜಿಲೆಂಡಿಗೆ ಕಳಿಸೋಕೆ ನಾನು ಒಪ್ಪಿದ್ದು ಆ ಮಾತಿನ ಮೇಲೆ. ಇವತ್ತು ಆ ಮಾತನ್ನು ನಿನ್ನ ಪರವಾಗಿ ಆ ಹುಡುಗಿ ಉಳಿಸಿಕೊಟ್ಟಳು. ಅವಳ ಅಮ್ಮನ ಫೋನ್ ನಂಬರ್ ಸಿಕ್ಕಿದ್ದರೆ ಈಗಲೇ ಮಾತಾಡುತ್ತಿದ್ದೆ.

ಚಾರಣದವರ ಆಫೀಸಿನ ಹತ್ತಿರ ಹೋದಾಗ ಆ ಗೈಡ್ ಕಂಡರೆ ನಿಂತು ಮಾತಾಡಿಸು. ನೀನು ಸಿಟ್ಟಿನಲ್ಲಿ ಮುಖ ತಿರುಗಿಸಿಕೊಂಡು ಬಂದಿರುತ್ತೀಯ, ನನಗೆ ಗೊತ್ತು. ಇಲ್ಲಿಂದ ಒಯ್ದ ಕೊಬ್ಬರಿ ಮಿಠಾಯಿ ಉಳಿದಿದ್ದರೆ ಒಂದಿಷ್ಟು ಕೊಡು. ಮಳೆ ಬಂದಾಗಲೆಲ್ಲ ಕೆಲಸ ನಿಲ್ಲುವ ಕೆಲಸ ಅವಳದ್ದು. ಅವಳಿಗೂ ಮೇಲೆ ಹೋಗೋ ಆಸೆ ಇರುತ್ತೆ.

ವಾನಾಕಾ ಊರಿನ ಕಡೆ ಹೊರಡೋದಾದರೆ ಹಾಸ್ಟ್ ಪಾಸ್ ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡು. ಇಂಥ ಮಳೆಗೆ ಅಲ್ಲಿ ಗುಡ್ಡ ಜರಿಯುತ್ತೆ. ಕತ್ತಲಾದ ಮೇಲೆ ಗಾಡಿ ಓಡಿಸಬೇಡ. ದಾರಿಯಲ್ಲಿ ಸಿಗ್ನಲ್ ಇರಲ್ಲ ಅಂದಿದ್ದೆ, ಹೊರಡುವ ಮುಂಚೆ ಒಂದು ಮೆಸೇಜ್, ತಲುಪಿದ ಮೇಲೆ ಇನ್ನೊಂದು. ನಡುರಾತ್ರಿ ಆದರೂ ಪರವಾಗಿಲ್ಲ, ನಾನು ಎದ್ದಿರ್ತೀನಿ.

ನಿನ್ನ ಅಮ್ಮ