ಮುಕ್ತ ಪ್ರವೇಶ ಅಂದರು, ಗೇಟಲ್ಲೇ ತಡೆದರು

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯದ ಕಾನೂನು ಶಾಲೆಯ ಮುಂದಿನ ಕಾರ್ಯಕ್ರಮಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ನಂಬಿ ಶನಿವಾರ ಅಲ್ಲಿಗೆ ಹೋಗಿದ್ದೆವು, ನಾನು ಮತ್ತು ನನ್ನ ಅಕ್ಕ. ಹೊಸ ಕ್ರಿಮಿನಲ್ ಕಾನೂನುಗಳ ಬಗ್ಗೆ ಉಪನ್ಯಾಸ, ಆಮೇಲೆ ಉಚಿತ ಕಾನೂನು ಸಲಹೆ, ಸಾರ್ವಜನಿಕರಿಗೆ ಮುಕ್ತ ಪ್ರವೇಶ ಅಂತ ಅಚ್ಚಾಗಿತ್ತು. ವಾಪಸ್ ಬಂದಾಗಿನಿಂದ ಸಿಟ್ಟು ಇಳಿದಿಲ್ಲ.

ಗೇಟಲ್ಲಿ ಸೆಕ್ಯುರಿಟಿಯವರು 'ರಿಜಿಸ್ಟ್ರೇಷನ್ ಆಗಿದೆಯಾ' ಅಂದರು. ಕಂಬಕ್ಕೆ ಅಂಟಿಸಿದ್ದ ಕ್ಯೂಆರ್ ಕೋಡ್ ತೋರಿಸಿದರು. ಸ್ಕ್ಯಾನ್ ಮಾಡಿದರೆ 'ನೋಂದಣಿ ಮುಕ್ತಾಯವಾಗಿದೆ' ಅಂತ ಬಂತು. ಮುಕ್ತ ಪ್ರವೇಶಕ್ಕೆ ಎಂಥ ನೋಂದಣಿ ಅಂತ ಕೇಳಿದೆ. 'ನಂಗೇನ್ ಗೊತ್ತು ಸಾರ್, ಆಫೀಸಲ್ಲಿ ಕೇಳಿ' ಅಂದರು. ಆಫೀಸು ಗೇಟಿನ ಒಳಗಿದೆ. ಒಳಗೆ ಬಿಡದೆ ಆಫೀಸಲ್ಲಿ ಕೇಳಿ ಅಂದರೆ ಹೇಗೆ? ಆ ಮನುಷ್ಯನ ತಪ್ಪಿಲ್ಲ ಬಿಡಿ, ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಬಿಸಿಲಲ್ಲಿ ನಿಂತು ಕಾಡಿ ಬೇಡಿದ ಮೇಲೆ ಬಿಟ್ಟರು.

ಪತ್ರಿಕೆಯಲ್ಲಿ ಇದ್ದದ್ದು ನೆಲಮಹಡಿಯ ಸಭಾಂಗಣ. ಅಲ್ಲಿ ಹುಡುಗರು ಅಣಕು ನ್ಯಾಯಾಲಯದ ತಯಾರಿಯಲ್ಲಿದ್ದರು. ಕಾರ್ಯಕ್ರಮ ಎರಡನೇ ಮಹಡಿಗೆ ಹೋಗಿದೆ ಅಂದರು. ಲಿಫ್ಟ್ ಬಾಗಿಲಿಗೆ 'ದುರಸ್ತಿಯಲ್ಲಿದೆ' ಅನ್ನೋ ಚೀಟಿ. ಅದರ ಅಂಚು ಹಳದಿಯಾಗಿ ಸುರುಳಿ ಸುತ್ತಿಕೊಂಡಿತ್ತು, ಅಂದರೆ ದುರಸ್ತಿ ಇವತ್ತು ನಿನ್ನೆಯದಲ್ಲ. ಮಂಡಿ ನೋವಿನ ಅಕ್ಕ ಕಂಬಿ ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ಹತ್ತಿದಳು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಿದ್ದು 2016ರಲ್ಲಿ. ಅದನ್ನು ಪಾಠ ಮಾಡುವ ಕಟ್ಟಡದಲ್ಲೇ ಹೀಗೆ.

ಹತ್ತಕ್ಕೆ ಶುರುವಾಗಬೇಕಿದ್ದದ್ದು ಮುಖ್ಯ ಅತಿಥಿಗಳು ಬಂದ ಮೇಲೆ, ಹನ್ನೆರಡು ದಾಟಿ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ಪರಿಚಯ, ಶಾಲು, ಹಾರ, ನೆನಪಿನ ಕಾಣಿಕೆ. ಉಪನ್ಯಾಸಕ್ಕೆ ಉಳಿದದ್ದು ಅರ್ಧ ಗಂಟೆಯೂ ಇಲ್ಲ. 2024ರ ಜುಲೈ 1ರಿಂದ ಹಳೆಯ ಅಪರಾಧ ಕಾನೂನು ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ ಅನ್ನೋದು ಎಲ್ಲರಿಗೂ ಗೊತ್ತು. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಆನ್‌ಲೈನ್‌ನಲ್ಲಿ ಕೊಟ್ಟರೆ 3 ದಿನದೊಳಗೆ ಸಹಿ ಹಾಕಬೇಕು ಅನ್ನೋದನ್ನೂ ಓದಿದ್ದೇವೆ. ಠಾಣೆಯವರು ತಗೊಳ್ಳಲ್ಲ ಅಂದರೆ ನಮ್ಮಂಥವರು ಏನು ಮಾಡಬೇಕು? ಅದನ್ನು ಕೇಳೋಕೇ ಹೋಗಿದ್ದೆ. ಕೈ ಎತ್ತಿದರೆ 'ಸಮಯದ ಅಭಾವ' ಅಂದರು. ಎರಡು ಗಂಟೆ ತಡ ಮಾಡಿದವರು ಯಾರು, ನಾವಾ?

ಇನ್ನು ಉಚಿತ ಸಲಹೆ. ಭಾವ ತೀರಿಕೊಂಡ ಮೇಲೆ ಮನೆಯ ಖಾತೆ ಇನ್ನೂ ಅಕ್ಕನ ಹೆಸರಿಗೆ ಆಗಿಲ್ಲ. ಕಾಗದ ಪತ್ರವೆಲ್ಲ ಫೈಲಿನಲ್ಲಿ ಜೋಡಿಸಿಕೊಂಡು ಬಂದಿದ್ದಳು. ಕೆಳಗೆ ಬರುವಷ್ಟರಲ್ಲಿ ಬ್ಯಾನರ್ ಮುಂದೆ ಗ್ರೂಪ್ ಫೋಟೋ ಮುಗಿದಿತ್ತು, ಮೇಜು ಮಡಚುತ್ತಿದ್ದರು. 'ಮುಂದಿನ ಕ್ಯಾಂಪಿಗೆ ಬನ್ನಿ ಅಮ್ಮ' ಅಂದಳು ಒಬ್ಬ ಹುಡುಗಿ. ಯಾವಾಗ ಅಂತ ಅವಳಿಗೂ ಗೊತ್ತಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. ಪ್ರತಿ ಕಾನೂನು ಕಾಲೇಜೂ ನೆರವು ಕೇಂದ್ರ ನಡೆಸಬೇಕು ಅಂತ ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮವೇ ಹೇಳುತ್ತೆ. ಇದು ಅವರು ಮಾಡುವ ಉಪಕಾರ ಅಲ್ಲ, ಮಾಡಲೇಬೇಕಾದ ಕೆಲಸ.

ಆ ಖಾತೆಯ ಕಥೆಯೂ ಹೀಗೇ. ಕಚೇರಿಗೆ ಹೋದರೆ 'ಸಾಹೇಬರು ಮೀಟಿಂಗಲ್ಲಿದ್ದಾರೆ', ಇಲ್ಲವೇ 'ಸರ್ವರ್ ಡೌನ್'. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 30 ದಿನದೊಳಗೆ ಉತ್ತರ ಕೊಡಬೇಕು ಅಂತ 2005ರ ಕಾಯ್ದೆಯಲ್ಲಿದೆ. ಅದು ಕಳೆದು ಎಷ್ಟೋ ದಿನದ ಮೇಲೆ ಬಂದ ಉತ್ತರ 'ಕಡತ ಲಭ್ಯವಿಲ್ಲ'. ಕಡತ ಕಳೆದವರಿಗೆ ಸಂಬಳ ತಪ್ಪಲ್ಲ, ಅಲೆಯೋದು ಮಾತ್ರ ನಾವು.

ವಿಶ್ವವಿದ್ಯಾಲಯದವರು ಮೊದಲು ಸರಿಯಾದ ಪಟ್ಟಿ ಹಾಕಲಿ. ಅವರ ವೆಬ್‌ಸೈಟಿನಲ್ಲಿ 'ಮುಂಬರುವ ಕಾರ್ಯಕ್ರಮ' ಅಂತ ಕಳೆದ ವರ್ಷದ್ದು ಇನ್ನೂ ಹಾಗೇ ಇದೆ. ಜಾಗ, ಸಮಯ ಬದಲಾದರೆ ತಿಳಿಸಲಿ. ಇಲ್ಲವಾದರೆ ಸಾರ್ವಜನಿಕರನ್ನು ಕರೆಯೋದೇ ಬಿಡಲಿ, ಅವರವರೇ ಶಾಲು ಹೊದಿಸಿಕೊಳ್ಳಲಿ. ನೀವೂ ಅಷ್ಟೇ, ಅವರು ಕಳಿಸಿದ್ದನ್ನು ಸುಮ್ನೆ ಅಚ್ಚು ಹಾಕುವ ಮುಂಚೆ ಒಂದು ಫೋನ್ ಮಾಡಿ ಕೇಳಬಾರದೇ? ಲಿಫ್ಟ್ ಯಾರ ಜವಾಬ್ದಾರಿ, ಆ ಮೇಜನ್ನು ಮಡಚಲು ಹೇಳಿದವರು ಯಾರು, ಅಕ್ಕನ ಫೈಲನ್ನು ಯಾರು ನೋಡುತ್ತಾರೆ? ಕುಲಪತಿಗಳೋ ಡೀನೋ ಯಾರಾದರೂ ಇದೇ ಅಂಕಣದಲ್ಲಿ ಹೆಸರು ಹಾಕಿ ಉತ್ತರ ಕೊಡಲಿ. ವಯಸ್ಸಾದ ಹೆಂಗಸನ್ನು ಮಹಡಿ ಹತ್ತಿಸಿ ಇಳಿಸಿ ಬರಿಗೈಲಿ ಕಳಿಸಿದ್ದಕ್ಕೆ ಇವರಿಗೆ ನಾಚಿಕೆಯಾಗಬೇಕು.

ಇತಿ,
ನಿಮ್ಮ ಹಳೆಯ ಓದುಗ