ಗೋಡೆಯೊಳಗಿನ ಕೆಲಸಕ್ಕೆ ಹಣ ಕೊಟ್ಟವರಿಗೆ ವಂದನೆ

ನಮ್ಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯಗಳ ಹಾಗೂ ಅವುಗಳಿಗೆ ಹೊಂದಿಕೊಂಡ ವಿದ್ಯಾರ್ಥಿನಿಯರ ಶೌಚಾಲಯಗಳ ನವೀಕರಣ ಪೂರ್ಣಗೊಂಡು, ಎಂ.ಎಸ್ಸಿ. ವಿದ್ಯಾರ್ಥಿಗಳು ಮತ್ತೆ ಅಲ್ಲಿ ಪ್ರಯೋಗ ಆರಂಭಿಸಿದ್ದಾರೆ. ಅದೇ ಕೊಠಡಿಗಳಲ್ಲಿ ಕಲಿತು, ಅಲ್ಲಿಯೇ ಪಾಠ ಹೇಳಿ ನಿವೃತ್ತನಾದ ನಾನು, ಹಳೆಯ ವಿದ್ಯಾರ್ಥಿಗಳ ಸಂಘದ ಪರವಾಗಿ ದಾನಿಗಳೆಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆ ಸಲ್ಲಿಸುತ್ತೇನೆ.

ಸಭಾಭವನಕ್ಕೋ ಮಹಾದ್ವಾರಕ್ಕೋ ಹಣ ಕೇಳುವುದು ಸುಲಭ; ಅಲ್ಲಿ ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ನಾವು ಕೇಳಿದ್ದು ವೈರಿಂಗ್, ಅರ್ಥಿಂಗ್, ಒಳಚರಂಡಿ ಕೊಳವೆ ಮತ್ತು ಹೊಗೆ ಹೊರಹಾಕುವ ನಾಳಗಳಿಗೆ. ಈ ಪಟ್ಟಿಯನ್ನು ಓದಿಯೂ ನೀವು ಕೊಟ್ಟಿರಿ ಎಂಬುದನ್ನು ನಾನು ವಿಶೇಷವಾಗಿ ನೆನೆಯುತ್ತೇನೆ. ಉದಾಹರಣೆಗೆ ಫ್ಯೂಮ್ ಹುಡ್ ಅನ್ನೇ, ಅಂದರೆ ಒಳಗೆ ಪ್ರಯೋಗ ಮಾಡುವ ಗಾಜಿನ ಬಾಗಿಲಿನ ಗೂಡನ್ನೇ ನೋಡಿ. ಆಮ್ಲದ ಆವಿ, ದ್ರಾವಕಗಳ ವಾಸನೆ ವಿದ್ಯಾರ್ಥಿಯ ಮುಖಕ್ಕೆ ಬಡಿಯದಂತೆ ಅದು ಗಾಳಿಯನ್ನು ಒಳಕ್ಕೆ ಸೆಳೆಯಬೇಕು. ಅದರ ಬಾಯಿಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 0.5 ಮೀಟರ್ ಇರಬೇಕೆಂಬುದು ರೂಢಿಯಲ್ಲಿರುವ ಮಾನದಂಡ. ಹಳೆಯ ಹುಡ್‌ಗಳ ಫ್ಯಾನು ಸದ್ದು ಮಾಡುತ್ತಿತ್ತೇ ಹೊರತು ಗಾಳಿ ಎಳೆಯುತ್ತಿರಲಿಲ್ಲ, ಹೀಗಾಗಿ ಕಿಟಕಿ ತೆರೆದಿಟ್ಟು ಕೆಲಸ ಮಾಡುವುದೇ ಪದ್ಧತಿಯಾಗಿಬಿಟ್ಟಿತ್ತು. ಹೊಸ ಹುಡ್ ಚಾಲನೆಗೊಂಡ ದಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ತೆಳುವಾದ ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಅದರ ಗಾಜಿನ ಬಾಗಿಲಿನ ಅಂಚಿಗೆ ಹಿಡಿದಳು. ಪಟ್ಟಿ ತಕ್ಷಣ ಒಳಮುಖವಾಗಿ ಬಾಗಿ ನಿಂತಿತು. ನಿಮ್ಮ ಹಣ ಏನಾಯಿತೆಂದು ಕೇಳುವವರಿಗೆ ನಾನು ತೋರಿಸಬಯಸುವುದು ಅದನ್ನೇ.

ನಮ್ಮ ಭಾಗದಲ್ಲಿ ಉನ್ನತ ಶಿಕ್ಷಣ ಬೇರೂರಿದ್ದೇ ಜನರ ಕೊಡುಗೆಯಿಂದ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ. 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ತೆರೆಯಲು ಅರಟಾಳ ರುದ್ರಗೌಡರಂಥವರು ಊರೂರಿನಿಂದ ದೇಣಿಗೆ ಕೂಡಿಸಿದರು. ನಮ್ಮ ಕೆಲಸ ಅವುಗಳ ಮುಂದೆ ತೀರ ಚಿಕ್ಕದು, ಆದರೆ ನೀವು ಹಿಡಿದ ದಾರಿ ಅವರದೇ.

ವಿದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ತಾಳ್ಮೆಯನ್ನು ಪ್ರತ್ಯೇಕವಾಗಿ ಸ್ಮರಿಸಬೇಕು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ನಮ್ಮ ಪುಟ್ಟ ಸಂಘಕ್ಕೆ ಇಲ್ಲದ್ದರಿಂದ, ಅಲ್ಲಿದ್ದೂ ಭಾರತದ ಪೌರತ್ವ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ಕಳಿಸಿದ ಸ್ವಂತ ಉಳಿತಾಯದ ಹಣವನ್ನು ಮಾತ್ರ ಪಡೆಯಲು ಸಾಧ್ಯವಾಯಿತು. ಬೇರೆ ದೇಶದ ಪೌರತ್ವ ಪಡೆದವರಿಗೆ, ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಬೇಡವೆನ್ನಬೇಕಾಯಿತು. ಹಾಗೆ ಹೇಳಿಸಿಕೊಂಡವರಲ್ಲಿ ಹಲವರು ಬೇಸರಿಸಿಕೊಳ್ಳದೆ, ವಿದ್ಯಾರ್ಥಿಗಳಿಗೆ ಆನ್‌ಲೈನ್‌ನಲ್ಲಿ ಪ್ರಯೋಗಾಲಯ ಸುರಕ್ಷತೆಯ ಪಾಠ ಮಾಡಿದ್ದಾರೆ. ಅದನ್ನೂ ದೇಣಿಗೆಯೆಂದೇ ದಾಖಲಿಸಿದ್ದೇವೆ.

ಕಟ್ಟಡದ ಹಳೆಯ ನಕ್ಷೆ ಸಿಗದೆ ಕೆಲಸ ನಿಂತಾಗ, ನಿವೃತ್ತ ಪ್ರಯೋಗಾಲಯ ಸಹಾಯಕರೊಬ್ಬರು ಬಂದು ಯಾವ ಕೊಳವೆ ಯಾವ ಗೋಡೆಯಲ್ಲಿ ಹಾದುಹೋಗಿದೆ ಎಂದು ಸೀಮೆಸುಣ್ಣದಿಂದ ಗುರುತಿಸಿಕೊಟ್ಟರು. ಗೋಡೆ ಒಡೆದಾಗ ಅವರ ಗೆರೆಗಳು ಸರಿಯಾಗಿಯೇ ಇದ್ದವು. ಅವರಿಗೂ, ರಜೆಯಲ್ಲಿ ಉಪಕರಣಗಳನ್ನು ಹೊತ್ತು ಸಾಗಿಸಿದ ವಿದ್ಯಾರ್ಥಿಗಳಿಗೂ, ಅನುಮತಿಗಳನ್ನು ತ್ವರಿತವಾಗಿ ಒದಗಿಸಿದ ಕುಲಸಚಿವರ ಕಚೇರಿಯ ಸಿಬ್ಬಂದಿಗೂ ನಮ್ಮ ನಮಸ್ಕಾರ.

ಉಳಿದ ಮೊತ್ತವನ್ನು ನಿಶ್ಚಿತ ಠೇವಣಿಯಲ್ಲಿ ಇರಿಸಲಾಗಿದೆ. ಅದರ ಬಡ್ಡಿಯನ್ನು ಫ್ಯಾನಿನ ಮೋಟಾರು, ನಲ್ಲಿ ಮತ್ತು ಕೊಳವೆಗಳ ದುರಸ್ತಿಗೆ ಮಾತ್ರ ಬಳಸಲಾಗುವುದು. ಲೆಕ್ಕಪರಿಶೋಧಕರು ಸಹಿ ಮಾಡಿದ ಖರ್ಚಿನ ವಿವರವನ್ನು ಮತ್ತು ಆದಾಯ ತೆರಿಗೆ ವಿನಾಯಿತಿಯ ಪ್ರಮಾಣಪತ್ರವನ್ನು ಪ್ರತಿ ದಾನಿಗೂ ಕಳಿಸುತ್ತಿದ್ದೇವೆ. ಪ್ರಯೋಗಾಲಯವನ್ನು ನೋಡಬಯಸುವವರು ಕೆಲಸದ ದಿನಗಳಲ್ಲಿ ಯಾವಾಗ ಬೇಕಾದರೂ ಬರಬಹುದು. ವಿಭಾಗದ ವಿದ್ಯಾರ್ಥಿಗಳೇ ನಿಮ್ಮನ್ನು ಕರೆದೊಯ್ದು ತೋರಿಸುತ್ತಾರೆ.