ರೆಕ್ಕೆಗೆ ಉಲ್ಲನ್ ದಾರದ ಪರೀಕ್ಷೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕಾರು ಸಿಂಗಾರದ ಬಗ್ಗೆ ಬಂದ ಲೇಖನ ಹಿಂಬದಿಯ ರೆಕ್ಕೆಯನ್ನು ಸೀಟಿನ ಕವರು, ಬಣ್ಣದ ದೀಪಗಳ ಪಂಕ್ತಿಯಲ್ಲೇ ಕೂರಿಸಿದೆ. ಅದನ್ನು ಸಹಿಸಬಹುದಿತ್ತು. ಆದರೆ ‘ರೆಕ್ಕೆ ಹಾಕಿಸಿದರೆ ಕಾರು ನೆಲಕ್ಕೆ ಅಂಟಿಕೊಂಡು ಓಡುತ್ತದೆ’ ಎಂಬ ವಾಕ್ಯ ಓದಿದ ಮೇಲೆ ನನ್ನ ಕಾಫಿ ಆರಿಹೋಯಿತು. ಬೆಂಗಳೂರಿನ ವಾಯುಸುರಂಗವೊಂದರಲ್ಲಿ, ಎಂದರೆ ಮಾದರಿಗಳ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ದೊಡ್ಡ ಕೊಳವೆಯಲ್ಲಿ, ಇಪ್ಪತ್ತೊಂಬತ್ತು ವರ್ಷ ವಿಮಾನದ ಮಾದರಿಗಳಿಗೆ ದಾರ ಅಂಟಿಸಿ, ಒತ್ತಡ ಅಳೆದು, ನಿವೃತ್ತಳಾದವಳು ನಾನು. ವಿಮಾನದ ರೆಕ್ಕೆ ಮೇಲಕ್ಕೆತ್ತುತ್ತದೆ, ಕಾರಿನದು ಕೆಳಕ್ಕೊತ್ತಬೇಕು. ಗಾಳಿಯ ಲೆಕ್ಕ ಎರಡಕ್ಕೂ ಒಂದೇ.

ವಿಷಯ ನಮ್ಮ ಮನೆಗೇ ಬಂದಿತ್ತು, ಅದರಿಂದಲೇ ಇಷ್ಟು ಸಿಟ್ಟು. ನನ್ನ ಅಣ್ಣನ ಮಗ ಎರಡನೇ ತಲೆಮಾರಿನ ಆಡಿ ಟಿಟಿ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ. ಮೂರು ತಿಂಗಳಿಗೆ ಅದರ ಬೆನ್ನ ಮೇಲೆ ಒಂದು ಕರಿ ರೆಕ್ಕೆ ಎದ್ದಿತ್ತು. ಇಪ್ಪತ್ತೆಂಟು ಸಾವಿರ ರೂಪಾಯಿ ಕೊಟ್ಟನಂತೆ. ‘ಅತ್ತೆ, ಅಪ್ಪಟ ಕಾರ್ಬನ್ ಫೈಬರ್’ ಎಂದ. ಕೆಳಗಂಚನ್ನು ಉಗುರಿನಿಂದ ಕೆರೆದೆ. ಹೆಣಿಗೆಯ ಚಿತ್ರ ಅಚ್ಚಾದ ಹಾಳೆ ಎದ್ದು ಬಂತು, ಒಳಗಿದ್ದದ್ದು ಸಾಧಾರಣ ಫೈಬರ್ ಗ್ಲಾಸ್. ಅಂಗಡಿಯ ಹೆಸರು ಬೇಡ. ಗಾಳಿ ಬಂದಾಗ ತೂರಿಕೊಂಡಿದ್ದಾರೆ, ಅಷ್ಟೇ.

ನನಗೆ ಉರಿ ಹತ್ತಿದ್ದು ದುಡ್ಡಿಗಲ್ಲ. ಆ ಕಾರಿನ ಡಿಕ್ಕಿಯ ಮುಚ್ಚಳದೊಳಗೆ ಕಾರ್ಖಾನೆಯೇ ಕೂರಿಸಿದ ಒಂದು ಪಟ್ಟಿ ಇದೆ. ವೇಗ ಗಂಟೆಗೆ 120 ಕಿ.ಮೀ. ಸಮೀಪಿಸಿದಾಗ ಅದು ತಾನಾಗಿ ಮೇಲೇಳುತ್ತದೆ, 80ಕ್ಕಿಂತ ಕೆಳಗಿಳಿದರೆ ಮತ್ತೆ ಒಳಗೆ ಮಲಗುತ್ತದೆ. ಹೊಸ ರೆಕ್ಕೆಯ ಕಾಲುಗಳು ಅಡ್ಡ ಬರುತ್ತವೆಂದು ಅಂಗಡಿಯವರು ಅದರ ಫ್ಯೂಸನ್ನೇ ಕಿತ್ತಿದ್ದರು. ಕೆಲಸ ಮಾಡುವುದನ್ನು ಮಲಗಿಸಿ ಕೆಲಸ ಮಾಡದ್ದನ್ನು ನಿಲ್ಲಿಸಿದ್ದರು.

ಆ ಪಟ್ಟಿಗೆ ಒಂದು ಹಿನ್ನೆಲೆ ಇದೆ. 1998ರಲ್ಲಿ ಮೊದಲ ಟಿಟಿ ಬಂದಾಗ ಅದರ ಬೆನ್ನು ಆಮೆಯ ಚಿಪ್ಪಿನಂತೆ ನುಣುಪಾಗಿ ಇಳಿದಿತ್ತು, ಮೇಲೆ ಏನೂ ಇರಲಿಲ್ಲ. ಉಬ್ಬಿದ ಬೆನ್ನಿನ ಮೇಲೆ ಗಾಳಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಹಿಂದಿನ ಚಕ್ರಗಳು ಹಗುರಾಗುತ್ತವೆ. ಜರ್ಮನಿಯ ಹೆದ್ದಾರಿಗಳಲ್ಲಿ ಭಾರೀ ವೇಗದಲ್ಲಿ ಸಾಲು ಬದಲಿಸುವಾಗ ಕೆಲವು ಕಾರುಗಳ ಹಿಂಭಾಗ ಜಾರಿ ಅಪಘಾತಗಳಾದವು, ಜೀವಗಳೂ ಹೋದವು. ಕಂಪನಿ ಆಗಲೇ ಮಾರಿದ್ದ ಕಾರುಗಳನ್ನು ವಾಪಸು ಕರೆದು ಸಸ್ಪೆನ್ಷನ್ ತಿದ್ದಿತು, ಜಾರಿಕೆ ತಡೆಯುವ ಇಎಸ್‌ಪಿ ಒದಗಿಸಿತು, ಬೆನ್ನಿನ ತುದಿಗೆ ಒಂದು ಸಣ್ಣ ತುಟಿ ಅಂಟಿಸಿತು. ರೂಪ ಕೆಟ್ಟಿತೆಂದು ಆಗ ಗೊಣಗಿದವರೂ ಇದ್ದರು.

ಸ್ಪಾಯ್ಲರ್ ಎಂದರೆ ಆ ತುಟಿ. ನಮ್ಮ ಹುಡುಗನ ಕಾರಿನ ಪಟ್ಟಿಯೂ ಅದೇ ಜಾತಿ. ಸ್ಪಾಯ್ಲರ್ ಬೆನ್ನ ಮೇಲಿನ ಗಾಳಿಯ ಓಟಕ್ಕೆ ಅಡ್ಡಿ ಮಾಡಿ, ತನ್ನ ಮುಂದೆ ಒತ್ತಡ ಹೆಚ್ಚಿಸಿ, ಮೇಲೆತ್ತುವ ಬಲವನ್ನು ಕುಗ್ಗಿಸುತ್ತದೆ. ರೆಕ್ಕೆ ಬೇರೆಯದೇ ವಸ್ತು. ಅದು ಗಾಳಿಯ ನಡುವೆ ನಿಂತು ಸ್ವತಃ ಕೆಳಕ್ಕೊತ್ತುತ್ತದೆ. ನಿಮ್ಮ ಲೇಖಕರು ಎರಡನ್ನೂ ಒಂದೇ ಹೆಸರಿನಲ್ಲಿ ಕರೆದಿದ್ದಾರೆ. ತುಟಿ ಎಂದು ಹಗುರವಾಗಿ ನೋಡುವವರು 1972ರ ಪೋರ್ಷೆ 911 ಕರೇರಾ ಆರ್‌ಎಸ್ 2.7ರ ‘ಬಾತುಕೋಳಿ ಬಾಲ’ ಎಂದು ಹೆಸರಾದ ಸ್ಪಾಯ್ಲರನ್ನು ನೆನೆಯಬೇಕು. ಗಂಟೆಗೆ 245 ಕಿ.ಮೀ. ವೇಗದಲ್ಲಿ ಹಿಂಬದಿಯನ್ನು ಮೇಲೆತ್ತುತ್ತಿದ್ದ ಸುಮಾರು 144 ಕಿಲೋ ಬಲವನ್ನು ಅದು 42ಕ್ಕೆ ಇಳಿಸಿತು. ಕಾರಿನ ವೇಗ ಅದರಿಂದ ಕುಗ್ಗಲೂ ಇಲ್ಲ. ವಾಯುಸುರಂಗದಲ್ಲಿ ಮತ್ತೆ ಮತ್ತೆ ಅಳೆದು ಮಾಡಿದ ಬಾಲ ಅದು.

ನಮ್ಮ ಹುಡುಗನಿಗೆ ಇದನ್ನೆಲ್ಲ ಹೇಳಿದರೆ ‘ಅತ್ತೆ, ನಿಮ್ಮದು ವಿಮಾನದ ಕಾಲದ ಮಾತು’ ಎಂದ. ಸರಿ, ಪರೀಕ್ಷೆಯೇ ಆಗಲಿ ಎಂದೆ. ಒಂದು ಭಾನುವಾರ ಬೆಳಗ್ಗೆ ಆರಕ್ಕೆ ನೆಲಮಂಗಲ ದಾಟಿ ಹಾಸನದ ರಸ್ತೆಗೆ ಹೋದೆವು. ಹಿಂದಿನ ಗಾಜು, ಡಿಕ್ಕಿಯ ಮುಚ್ಚಳ, ರೆಕ್ಕೆಯ ಮೇಲ್ಮೈ, ಕೆಳಮೈ ಎಲ್ಲದಕ್ಕೂ ಬೆರಳುದ್ದದ ಬಿಳಿ ಉಲ್ಲನ್ ದಾರಗಳನ್ನು ಅಂಟಿಸಿದೆ. ಗಾಳಿ ಹೋದತ್ತ ದಾರ ಮಲಗುತ್ತದೆ, ಸುಳಿ ಇದ್ದಲ್ಲಿ ಒದ್ದಾಡುತ್ತದೆ. ರೆಕ್ಕೆಯ ಕೆಳಮೈ ಕಾಣುವಂತೆ ಒಂದು ಮೊಬೈಲನ್ನು ಮುಚ್ಚಳಕ್ಕೇ ಕಚ್ಚಿಸಿದೆ. ಅವನು 80ರಲ್ಲಿ ಓಡಿಸಿದ. ಅಣ್ಣ ಹಿಂದಿನಿಂದ ತನ್ನ ಕಾರು ತಂದ, ನಾನು ಅದರಲ್ಲಿ ಕುಳಿತು ಚಿತ್ರ ತೆಗೆದೆ. ದಾರಿಯ ಚಹಾ ಅಂಗಡಿಯವರು ಯಾವ ದೇವರಿಗೆ ಹರಕೆ ಎಂದು ಕೇಳಿದರು.

ಮೊದಲು ನನ್ನ ಸೋಲನ್ನು ಹೇಳಿಬಿಡುತ್ತೇನೆ. ಗಾಳಿ ಗಾಜಿನ ಮೈಯನ್ನೇ ಬಿಟ್ಟುಹೋಗಿ ರೆಕ್ಕೆಗೆ ಬರೀ ಸುಳಿ ಸಿಗುತ್ತದೆಂದು ನಾನು ಪಂಥ ಕಟ್ಟಿದ್ದೆ. ಹಾಗಾಗಲಿಲ್ಲ. ಗಾಜಿನ ಮೇಲಿನ ದಾರಗಳು ಎಣ್ಣೆ ಹಾಕಿ ಬಾಚಿದ ತಲೆಯಂತೆ ಸಾಲಾಗಿ ಮಲಗಿದ್ದವು. ಗಾಳಿ ಗಾಜಿನ ಇಳಿಜಾರನ್ನೇ ಹಿಡಿದು ಬರುತ್ತಿತ್ತು. ಕುತ್ತು ಇದ್ದದ್ದು ಅಲ್ಲೇ. ಗಾಳಿ ಓರೆಯಾಗಿ ಮೇಲಿನಿಂದ ಇಳಿದು ಬರುತ್ತಿದೆ. ಅಂಗಡಿಯವರು ನೋಟಕ್ಕೆ ಚೆನ್ನಾಗಿರಲೆಂದು ರೆಕ್ಕೆಯ ಹಿಂದಂಚನ್ನು ಮತ್ತಷ್ಟು ಎತ್ತಿ ಬಿಗಿದಿದ್ದಾರೆ. ಎರಡೂ ಕೋನ ಕೂಡಿ, ಕೆಳಮೈಯ ದಾರಗಳು ಹಿಂದಕ್ಕೆ ಮಲಗುವ ಬದಲು ಮುಂದಕ್ಕೆ ಮಡಚಿಕೊಂಡು, ತಿರುಗಿ, ಒದ್ದಾಡುತ್ತಿದ್ದವು. ರೆಕ್ಕೆ ಮೇಲಿನಿಂದ ಒತ್ತಿಸಿಕೊಂಡು ಕೆಲಸ ಮಾಡುತ್ತದೆಂದು ಜನ ಭಾವಿಸುತ್ತಾರೆ. ಹೆಚ್ಚಿನ ಕೆಲಸ ಕೆಳಮೈಯ ಸೆಳೆತದ್ದು. ಅಲ್ಲಿ ಗಾಳಿ ಕಿತ್ತುಹೋದರೆ ಸೆಳೆತ ಬಿದ್ದುಹೋಗುತ್ತದೆ, ಉಳಿಯುವುದು ಹಿಂದಕ್ಕೆಳೆಯುವ ಎಳೆತ ಮತ್ತು ಅದಕ್ಕೆ ಸುರಿಯುವ ಪೆಟ್ರೋಲು. ಹುಡುಗ ಆ ಚಿತ್ರವನ್ನು ನಾಲ್ಕು ಸಲ ನೋಡಿದ, ಮಾತಾಡಲಿಲ್ಲ.

ಕೋನ ಸರಿಪಡಿಸಿದರೆ ಎಷ್ಟು ಒತ್ತಬಹುದು? ರೆಕ್ಕೆ 130 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ. ಚೊಕ್ಕ ಗಾಳಿ ಸಿಕ್ಕಿತೆಂದೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಊರೊಳಗಿನ 40 ಕಿ.ಮೀ.ಗೆ ಎರಡೂವರೆ ಕಿಲೋ. 100ಕ್ಕೆ ಹದಿನೈದು ಕಿಲೋ. 200ಕ್ಕೆ ಅರವತ್ತು. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಹದಿನೈದು ಕಿಲೋ ಬೇಕಾದರೆ ಡಿಕ್ಕಿಯಲ್ಲಿ ಅಕ್ಕಿ ಚೀಲ ಇಡಬಹುದಲ್ಲ ಎಂದು ಅತ್ತಿಗೆ ಕೇಳಿದರು. ಪ್ರಶ್ನೆ ಒಳ್ಳೆಯದೇ. ಅಕ್ಕಿ ಚೀಲ ತಿರುವಿನಲ್ಲಿ ಕಾರನ್ನು ಹೊರಕ್ಕೆಳೆಯುತ್ತದೆ. ಗಾಳಿಯ ಒತ್ತು ಟಯರನ್ನು ರಸ್ತೆಗೆ ಅದುಮುತ್ತದೆ, ಹೊರಕ್ಕೆಳೆಯುವ ತೂಕ ಅದಕ್ಕಿಲ್ಲ. ರೇಸಿನವರು ರೆಕ್ಕೆಗಾಗಿ ಜೀವ ಬಿಡುವುದು ಇದಕ್ಕೇ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100 ಕಿ.ಮೀ. ಮಿತಿ ಇದೆ. ಕಾನೂನು ಪಾಲಿಸುವವನ ಟಿಟಿಯಲ್ಲಿ ಕಾರ್ಖಾನೆಯ ಪಟ್ಟಿಯೂ ಮೈಸೂರು ಮುಟ್ಟುವವರೆಗೆ ತಾನಾಗಿ ಮೇಲೇಳುವುದಿಲ್ಲ.

ಇನ್ನೊಂದು ಮಾತು ಏತದ್ದು: ಒಂದು ತುದಿ ಒತ್ತಿದರೆ ಇನ್ನೊಂದು ಏಳುತ್ತದೆ. ರೆಕ್ಕೆ ಕೂತಿರುವುದು ಹಿಂದಿನ ಚಕ್ರಗಳ ನೇರಕ್ಕಲ್ಲ, ಅವುಗಳಿಗಿಂತ ಸುಮಾರು 80 ಸೆಂ.ಮೀ. ಹಿಂದೆ. ಚಕ್ರಗಳ ನಡುವಿನ ಅಂತರ ಎರಡೂವರೆ ಮೀಟರ್. ಅಲ್ಲಿ ಅರವತ್ತು ಕಿಲೋ ಒತ್ತಿದರೆ ಹಿಂದಿನ ಚಕ್ರಗಳ ಮೇಲೆ ಎಪ್ಪತ್ತೊಂಬತ್ತು ಕಿಲೋ ಬೀಳುತ್ತದೆ, ಮುಂದಿನ ಚಕ್ರಗಳಿಂದ ಹತ್ತೊಂಬತ್ತು ಕಿಲೋ ಎದ್ದುಹೋಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ಹೋಗಲು ನೋಡುತ್ತದೆ. ಅದಕ್ಕೇ ತಿಳಿದವರು ಮುಂದಿನ ಬಂಪರಿನ ಅಡಿಯಲ್ಲಿ ಅದಕ್ಕೆ ಜೋಡಿಯಾಗಿ ಒಂದು ಪಟ್ಟಿ ಕಟ್ಟದೆ ಹಿಂದೆ ರೆಕ್ಕೆ ಏರಿಸುವುದಿಲ್ಲ.

ಅರವತ್ತು ಕಿಲೋ ಹೊರುವುದು ಯಾವುದು? ನಮ್ಮ ಹುಡುಗನ ಕಾರಿನಲ್ಲಿ ಡಿಕ್ಕಿಯ ತೆಳು ತಗಡಿಗೆ ಬಿಗಿದ ನಾಲ್ಕು ಸ್ಕ್ರೂಗಳು. ಅಡಿಯಲ್ಲಿ ಒಂದು ವಾಷರೂ ಇರಲಿಲ್ಲ. ಅಮೆರಿಕದ ರೇಸ್ ಕಾರು ತಯಾರಕ ಜಿಮ್ ಹಾಲ್ 1966ರ ಚಾಪರಲ್ 2ಇ ಕಾರಿನಲ್ಲಿ ರೆಕ್ಕೆಯ ಕಾಲುಗಳನ್ನು ಹಿಂದಿನ ಚಕ್ರಗಳ ನಡುವಿನ ಹಬ್‌ಗಳಿಗೇ ಊರಿದ್ದರು, ಒತ್ತು ಸ್ಪ್ರಿಂಗುಗಳನ್ನು ಕುಗ್ಗಿಸದೆ ನೇರ ಟಯರಿಗೆ ಸಿಗಲೆಂದು. ಅದನ್ನು ನೋಡಿ ಫಾರ್ಮುಲಾ ಒನ್‌ನವರು ಎತ್ತರದ ರೆಕ್ಕೆಗಳ ಹಿಂದೆ ಬಿದ್ದರು. 1969ರಲ್ಲಿ ಬಾರ್ಸಿಲೋನಾದ ಮೋಂಟ್‌ಜುಯಿಕ್‌ನಲ್ಲಿ ಲೋಟಸ್ ತಂಡದ ಚಾಲಕರಾದ ಗ್ರಹಾಂ ಹಿಲ್ ಮತ್ತು ಯೋಖೆನ್ ರಿಂಟ್ ಇಬ್ಬರ ಕಾರುಗಳ ರೆಕ್ಕೆಗಳೂ ಓಟದ ನಡುವೆ ಮುರಿದು ಕಾರುಗಳು ನುಚ್ಚಾದವು. ಮುಂದಿನ ಮೊನಾಕೊ ಸ್ಪರ್ಧೆಯಲ್ಲೇ ಎತ್ತರದ ರೆಕ್ಕೆಗಳಿಗೆ ನಿಷೇಧ ಬಂತು. ಲೋಟಸ್‌ನವರಿಗೇ ಹಾಗಾದ ಮೇಲೆ ನಾಲ್ಕು ಸ್ಕ್ರೂಗಳ ಬಗ್ಗೆ ಏನು ಹೇಳಲಿ? ಹೆದ್ದಾರಿಯಲ್ಲಿ ಅದು ಕಿತ್ತು ಬಂದರೆ ಹಿಂದೆ ಬೈಕಿನಲ್ಲಿ ಬರುವವನ ಗತಿಯೇನು?

ನಾನು ರೆಕ್ಕೆಯ ವಿರೋಧಿಯಲ್ಲ. ಚೆನ್ನೈ ಬಳಿ ಇರುಂಗಾಟುಕೋಟೈ ಟ್ರ್ಯಾಕಿಗೆ ಕಾರು ಒಯ್ಯುವ ಹುಡುಗರು ಬೆಂಗಳೂರಿನಲ್ಲಿದ್ದಾರೆ, ಅವರಿಗೆ ಅದು ಬೇಕು. ಅವರು ಅದನ್ನು ಬಲಪಟ್ಟಿ ಕೊಟ್ಟು ಚೌಕಟ್ಟಿಗೇ ಬಿಗಿಯಲಿ, ಡಿಗ್ರಿ ಡಿಗ್ರಿಯಾಗಿ ಕೋನ ಬದಲಿಸಲಿ, ಪ್ರತಿ ಸಲ ಒಂದು ಸುತ್ತಿನ ಸಮಯ ಬರೆದಿಡಲಿ. ರಸ್ತೆಯ ಮಾತು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದ ವಿವರಕ್ಕೆ ಹೊಂದದ ಮಾರ್ಪಾಡು ಮಾಡಬಾರದೆನ್ನುತ್ತದೆ, ತಪ್ಪಿದರೆ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಈ ಹೊಣೆ ಮಾಲೀಕನ ತಲೆಯ ಮೇಲಿದೆ ಎಂಬುದು ಅಂಗಡಿಯ ಬಿಲ್ಲಿನಲ್ಲಿ ಎಲ್ಲೂ ಇರಲಿಲ್ಲ.

ಹುಡುಗ ಈಗ ರೆಕ್ಕೆ ಬಿಚ್ಚಿಸಿದ್ದಾನೆ. ಫ್ಯೂಸ್ ಹಾಕಿ ಗುಂಡಿ ಒತ್ತಿದೊಡನೆ ಒಳಗಿನ ಪಟ್ಟಿ ಸುಮ್ಮನೆ ಎದ್ದು ನಿಂತಿತು, ಏನೂ ಆಗಿಲ್ಲವೆಂಬಂತೆ. ಮುಚ್ಚಳದ ನಾಲ್ಕು ತೂತುಗಳಿಗೆ ತಗಡಿನ ತೇಪೆ, ಬಣ್ಣ ಸೇರಿ ಮತ್ತೆ ಒಂಬತ್ತು ಸಾವಿರ. ರೆಕ್ಕೆ ಅತ್ತಿಗೆಯ ಮಹಡಿಯ ಮೇಲಿದೆ. ಸಂಡಿಗೆ ಒಣಹಾಕಿದ ಪ್ಲಾಸ್ಟಿಕ್ ಹಾಳೆ ಗಾಳಿಗೆ ಏಳದಂತೆ ಒತ್ತಿ ಹಿಡಿದಿದೆ.

ನಿಮ್ಮಲ್ಲಿ ಕೋರಿಕೆ ಒಂದೇ. ಮುಂದಿನ ಭಾನುವಾರ ಆ ವಾಕ್ಯವನ್ನು ತಿದ್ದಿ, ಸ್ಪಾಯ್ಲರ್ ಬೇರೆ, ರೆಕ್ಕೆ ಬೇರೆ ಎಂದು ನಾಲ್ಕು ಸಾಲು ಹಾಕಿ. ನಿಮ್ಮ ಲೇಖಕರಿಗೆ ನಂಬಿಕೆ ಬಾರದಿದ್ದರೆ ಉಲ್ಲನ್ ಉಂಡೆಯಲ್ಲಿ ಇನ್ನೂ ಅರ್ಧ ಉಳಿದಿದೆ, ಕಳುಹಿಸಿಕೊಡುತ್ತೇನೆ.

ಇಂತಿ,
ನಿವೃತ್ತ ವಾಯುಸುರಂಗ ತಂತ್ರಜ್ಞೆ,
ಮಲ್ಲೇಶ್ವರ, ಬೆಂಗಳೂರು